ದಿನಕ್ಕೊಂದು ಕಾಯಿ, ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ

ಪ್ರಶ್ನೆ: ಮೇಡಂ, ನಾವು ಬಂಟ್ವಾಳದ ಹತ್ತಿರದವರು. ನಮ್ಮ ಯಜಮಾನರಿಗೆ 51 ವರ್ಷ. ಶುಗರ್ ಇಲ್ಲ, ಬಿಪಿ ಸ್ವಲ್ಪ ಇದೆ, ಮಾತ್ರೆ ತಗೊಳ್ತಾರೆ. ಕಳೆದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 168, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 44, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 155 ಬಂತು. ಡಾಕ್ಟರು ‘ಸ್ಯಾಚುರೇಟೆಡ್ ಫ್ಯಾಟ್ ಕಡಿಮೆ ಮಾಡಿ, ತೆಂಗಿನೆಣ್ಣೆ, ತುಪ್ಪ ಬಿಡಿ, ಮೂರು ತಿಂಗಳು ನೋಡೋಣ’ ಅಂದರು. ಅತ್ತೆ ಒಪ್ಪುತ್ತಿಲ್ಲ. ಮಾವ ಜೀವನಪೂರ್ತಿ ತೆಂಗಿನೆಣ್ಣೆಯನ್ನೇ ತಿಂದು 86 ವರ್ಷ ಬದುಕಿದ್ದರು. ವಾಟ್ಸಾಪಿನಲ್ಲಿ ನೋಡಿದರೆ ಅದರಲ್ಲಿ ಲಾರಿಕ್ ಆಸಿಡ್ ಇದೆ, ಹೃದಯಕ್ಕೆ ಒಳ್ಳೆಯದು ಅಂತ ಬರುತ್ತೆ. ತುಪ್ಪ ಕೊಲೆಸ್ಟ್ರಾಲ್ ಇಳಿಸುತ್ತೆ ಅಂತಲೂ ಬರುತ್ತೆ. ಮನೆಯಲ್ಲಿ ನಾವು ನಾಲ್ಕು ಜನ. ತಿಂಗಳಿಗೆ 4 ಲೀಟರ್ ತೆಂಗಿನೆಣ್ಣೆ, ಅರ್ಧ ಕೆಜಿ ತುಪ್ಪ, ದಿನಕ್ಕೆ ಒಂದು ಕಾಯಿ, ಅರ್ಧ ಲೀಟರ್ ನೀಲಿ ಪ್ಯಾಕೆಟ್ ಹಾಲು. ಸಂಜೆ ಚಹಾಕ್ಕೆ ಬೇಕರಿ ತಿಂಡಿ ಇರುತ್ತೆ. ಯಾವ ಎಣ್ಣೆಗೆ ಬದಲಾಯಿಸಲಿ?

ಉತ್ತರ: ಲೆಕ್ಕ ಸಮೇತ ಬರೆದಿದ್ದೀರಿ, ನನ್ನ ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ‘ಎಣ್ಣೆ ಎಷ್ಟು ಬಳಸ್ತೀರಿ’ ಅಂತ ಕೇಳಿದರೆ ‘ಸ್ವಲ್ಪವೇ’ ಅನ್ನುವ ಉತ್ತರ ಬರುತ್ತೆ. ಆ ಸ್ವಲ್ಪ ಎಷ್ಟು ಅನ್ನೋದು ಗೊತ್ತಾಗುವುದು ಬಾಟಲಿ ಖಾಲಿಯಾಗುವ ದಿನ. ಹಾಗಾಗಿ ಯಾವ ಎಣ್ಣೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಅಂಕಿಗಳನ್ನೇ ಕೂಡಿಸೋಣ.

4 ಲೀಟರ್ ಎಣ್ಣೆ ಅಂದರೆ ತೂಕದಲ್ಲಿ ಸುಮಾರು 3,680 ಗ್ರಾಂ. ನಾಲ್ಕು ಜನ, ಮೂವತ್ತು ದಿನ. ಒಬ್ಬರ ಪಾಲಿಗೆ ದಿನಕ್ಕೆ 30 ಗ್ರಾಂ ಚಿಲ್ಲರೆ. ತೆಂಗಿನೆಣ್ಣೆಯಲ್ಲಿ ನೂರಕ್ಕೆ 85ರಿಂದ 90 ಭಾಗ ಸ್ಯಾಚುರೇಟೆಡ್ ಕೊಬ್ಬು. ಅಲ್ಲಿಗೆ 26 ಗ್ರಾಂ ಆಯಿತು. ಇನ್ನು ತೆಂಗಿನಕಾಯಿ. ಒಂದು ಮಧ್ಯಮ ಕಾಯಿಯಲ್ಲಿ ಸುಮಾರು 300 ಗ್ರಾಂ ತಿರುಳು ಅಂತ ಹಿಡಿಯೋಣ. ಹಸಿ ಕಾಯಿಯ 100 ಗ್ರಾಂ ತಿರುಳಿನಲ್ಲಿ 33 ಗ್ರಾಂ ಕೊಬ್ಬು, ಅದರಲ್ಲಿ 30 ಗ್ರಾಂ ಸ್ಯಾಚುರೇಟೆಡ್. ಇಡೀ ಕಾಯಿಗೆ 90 ಗ್ರಾಂ, ನಾಲ್ಕು ಪಾಲು ಮಾಡಿದರೆ ತಲಾ 22 ಗ್ರಾಂ. ತುಪ್ಪ ಅರ್ಧ ಕೆಜಿ ಅಂದರೆ ಒಬ್ಬರಿಗೆ ದಿನಕ್ಕೆ 4 ಗ್ರಾಂ. ಅದರಲ್ಲಿ ಸ್ಯಾಚುರೇಟೆಡ್ ಎರಡೂವರೆ ಗ್ರಾಂ ಇದ್ದೀತು. ಹಾಲಿನಿಂದ ಇನ್ನೊಂದು ಎರಡೂವರೆ ಗ್ರಾಂ.

ಒಟ್ಟು 53 ಗ್ರಾಂ ಆಯಿತು. ಬೇಕರಿ ತಿಂಡಿಯನ್ನು ಇನ್ನೂ ಮುಟ್ಟಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮತ್ತೆ ಹೇಳಿದ ಮಿತಿ ಇದು: ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ. 10 ದಾಟಬಾರದು. 2,000 ಕ್ಯಾಲೊರಿ ಉಣ್ಣುವವರಿಗೆ ಅದು 22 ಗ್ರಾಂ. ಎಲ್‌ಡಿಎಲ್ ಇಳಿಸಲೇಬೇಕಾದವರಿಗೆ ಅಮೆರಿಕದ ಹಾರ್ಟ್ ಅಸೋಸಿಯೇಷನ್ ಇನ್ನೂ ಬಿಗಿ ಮಾಡಿ ಶೇ. 6ಕ್ಕಿಂತ ಕಡಿಮೆ ಅನ್ನುತ್ತೆ, ಅಂದರೆ 13 ಗ್ರಾಂ. ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಲೆಕ್ಕದಲ್ಲಿ 2,000 ಕ್ಯಾಲೊರಿಯ ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ ಸುಮಾರು 27 ಗ್ರಾಂ ಸಾಕು. ನಿಮ್ಮ ಮನೆಯಲ್ಲಿ ಎಣ್ಣೆಯೊಂದೇ ಅದನ್ನು ದಾಟಿದೆ.

ಈಗ ತುಪ್ಪದ ಅಂಕಿಯನ್ನು ಮತ್ತೊಮ್ಮೆ ನೋಡಿ. 53ರಲ್ಲಿ ಎರಡೂವರೆ. ಅತ್ತೆ ಜೊತೆ ತುಪ್ಪಕ್ಕಾಗಿ ಜಗಳ ಆಡಬೇಡಿ. ಬಿಸಿ ಅನ್ನಕ್ಕೆ ಒಂದು ಚಮಚ ಹಾಕಿಕೊಳ್ಳಲಿ. ನಿಮ್ಮ ಮನೆಯ ಮಟ್ಟಿಗೆ ಎರಡು ದೊಡ್ಡ ಬಾಬ್ತು ಇರುವುದು ಎಣ್ಣೆ ಮತ್ತು ಕಾಯಿ. ವಿಚಿತ್ರ ಅಂದರೆ ಕಾಯಿಯ ವಿಷಯ ಡಾಕ್ಟರೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ನಮ್ಮ ಕಡೆ ಕಾಯಿಯನ್ನು ಯಾರೂ ಎಣ್ಣೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ತರಕಾರಿಯ ಹಾಗೆ, ಹಿತ್ತಲಿಂದ ಬರುತ್ತೆ, ಅರೆದು ಹಾಕುತ್ತೇವೆ, ಅಷ್ಟೇ.

ನಾನೂ ಕುಂದಾಪುರದ ಕಡೆಯವಳೇ. ಕಾಯಿ ಹಾಕದ ಪದಾರ್ಥಕ್ಕೆ ನಮ್ಮಮ್ಮ ‘ಸಾರು’ ಅನ್ನುವ ಹೆಸರನ್ನೂ ಬೇಸರದಲ್ಲೇ ಕೊಡುತ್ತಿದ್ದರು. ಆದ್ದರಿಂದ ಇದನ್ನು ಹೊರಗಿನವರ ಉಪದೇಶ ಅಂದುಕೊಳ್ಳಬೇಡಿ.

ಈ ಸ್ಯಾಚುರೇಟೆಡ್ ಅನ್ನೋದು ಏನು ಅಂತ ನೋಡೋಣ. ಪುಸ್ತಕದ ಕನ್ನಡದಲ್ಲಿ ‘ಪರ್ಯಾಪ್ತ ಕೊಬ್ಬು’ ಅಂತಾರೆ, ಆ ಪದದಿಂದ ಯಾರಿಗೂ ಏನೂ ಹೊಳೆಯುವುದಿಲ್ಲ. ನಿಮ್ಮ ಮನೆಯ ಹಿಡಿಸೂಡಿ ನೋಡಿ. ತೆಂಗಿನ ಗರಿಯ ಕಡ್ಡಿಗಳು ನೇರ ಇದ್ದರೆ ಒತ್ತೊತ್ತಾಗಿ ಕೂರುತ್ತವೆ, ಕಟ್ಟು ಬಿಗಿಯಾಗುತ್ತೆ. ಅದರಲ್ಲಿ ನಾಲ್ಕು ಸೊಟ್ಟ ಕಡ್ಡಿ ಸೇರಿದರೆ ಎಷ್ಟು ಕಟ್ಟಿದರೂ ಸಡಿಲ. ಕೊಬ್ಬಿನ ಆಮ್ಲಗಳೂ ಕಾರ್ಬನ್ನಿನ ಉದ್ದ ಕಡ್ಡಿಗಳೇ. ಕಡ್ಡಿಯ ಉದ್ದಕ್ಕೂ ಹೈಡ್ರೋಜನ್ ಪೂರ್ತಿ ತುಂಬಿದ್ದರೆ ಅದು ನೇರ ನಿಲ್ಲುತ್ತೆ, ಅದೇ ಸ್ಯಾಚುರೇಟೆಡ್. ಎಲ್ಲೋ ಒಂದೆರಡು ಕಡೆ ಹೈಡ್ರೋಜನ್ ಬಿಟ್ಟುಹೋಗಿ ಜೋಡಿ ಬಂಧ ಬಂದಿದ್ದರೆ ಅಲ್ಲಿ ಸೊಟ್ಟಗಾಗುತ್ತೆ, ಅದು ಅನ್‌ಸ್ಯಾಚುರೇಟೆಡ್. ನೇರ ಕಡ್ಡಿಗಳು ಒತ್ತಾಗಿ ಕೂತರೆ ಗಟ್ಟಿ, ಸೊಟ್ಟ ಕಡ್ಡಿಗಳು ಕೂರಲಾಗದೆ ಜಾರಿದರೆ ದ್ರವ. ತುಪ್ಪ ಹೆಪ್ಪುಗಟ್ಟುವುದೂ, ಶೇಂಗಾ ಎಣ್ಣೆ ಹರಿಯುವುದೂ ಇದೇ ಕಾರಣಕ್ಕೆ. ತೆಂಗಿನೆಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಬಂಟ್ವಾಳದಲ್ಲಿ ನಿಮಗೆ ಅದು ಗಟ್ಟಿಯಾಗುವುದು ಕಾಣುವುದೇ ಅಪರೂಪ. ಬೆಂಗಳೂರಿನ ನಮ್ಮ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಬಾಟಲಿ ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳುವುದಿಲ್ಲ. ಒಲೆ ಪಕ್ಕ ಇಟ್ಟು ಕಾಯಬೇಕು.

ಹಾಗಂತ ‘ಹೊರಗೆ ಗಟ್ಟಿಯಾಗುವ ಎಣ್ಣೆ ರಕ್ತನಾಳದಲ್ಲೂ ಗಟ್ಟಿಯಾಗುತ್ತೆ’ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಮೈ ಒಳಗೆ 37 ಡಿಗ್ರಿ ಇರುತ್ತೆ. ಜೊತೆಗೆ, ತಿಂದ ಎಣ್ಣೆ ಎಣ್ಣೆಯಾಗಿಯೇ ರಕ್ತದಲ್ಲಿ ಹರಿಯುವುದಿಲ್ಲ. ತೊಂದರೆ ಆಗುವುದು ಲಿವರಿನಲ್ಲಿ.

ಲಿವರಿನ ಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುವ ರಿಸೆಪ್ಟರ್‌ಗಳು ಇರುತ್ತವೆ. ಕೈಗಳು ಅಂತಲೇ ಅಂದುಕೊಳ್ಳಿ. ಇವನ್ನು ಕಂಡುಹಿಡಿದ ಮೈಕಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಕೈಗಳ ಕೆಲಸ ಕಡಿಮೆಯಾಗುತ್ತೆ. ಎಲ್‌ಡಿಎಲ್ ರಕ್ತದಲ್ಲೇ ಜಾಸ್ತಿ ಹೊತ್ತು ಸುತ್ತುತ್ತೆ, ಸುತ್ತುತ್ತಾ ರಕ್ತನಾಳದ ಗೋಡೆಯೊಳಗೆ ನುಸುಳುತ್ತೆ. ಹತ್ತು ಇಪ್ಪತ್ತು ವರ್ಷ ಹೀಗೇ ನಡೆದರೆ ಅಲ್ಲಿ ಗಂಟು ಕಟ್ಟುತ್ತೆ. ಹಾಗಾಗಿ ತೆಂಗಿನೆಣ್ಣೆ ಬಾಟಲಿಯ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದಿದ್ದರೆ ಅದು ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಗಿಡಮರದಿಂದ ಬಂದ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದಿಲ್ಲ. ನಮ್ಮ ರಕ್ತದ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸುತ್ತೆ. ಅದನ್ನು ರಕ್ತದಿಂದ ಖಾಲಿ ಮಾಡುವ ದಾರಿಯನ್ನು ಕಟ್ಟಿಹಾಕುವುದು ಸ್ಯಾಚುರೇಟೆಡ್ ಕೊಬ್ಬು.

ಈಗ ಲಾರಿಕ್ ಆಸಿಡ್. ವಾಟ್ಸಾಪಿನ ಮಾತಿನಲ್ಲಿ ಅರ್ಧ ಸತ್ಯ ಇದೆ, ಆದ್ದರಿಂದಲೇ ಅದು ಸಾಯುವುದಿಲ್ಲ. ಎಲ್ಲ ಸ್ಯಾಚುರೇಟೆಡ್ ಆಮ್ಲಗಳೂ ಒಂದೇ ಅಲ್ಲ. ಕಡ್ಡಿಯ ಉದ್ದದ ಮೇಲೆ ಗುಣ ಬದಲಾಗುತ್ತೆ. ತುಪ್ಪದಲ್ಲಿ ಸ್ವಲ್ಪ ಇರುವ ಬ್ಯುಟಿರಿಕ್ ಆಸಿಡ್‌ನಲ್ಲಿ ಬರೀ 4 ಕಾರ್ಬನ್. 8 ಮತ್ತು 10 ಕಾರ್ಬನ್ನಿನವು ಕರುಳಿನಿಂದ ನೇರ ಲಿವರಿಗೆ ಹೋಗಿ ಬೇಗ ಉರಿದುಹೋಗುತ್ತವೆ. ಲಾರಿಕ್‌ನಲ್ಲಿ 12, ಮಿರಿಸ್ಟಿಕ್‌ನಲ್ಲಿ 14, ಪಾಮ್ ಎಣ್ಣೆಯಲ್ಲೂ ತುಪ್ಪದಲ್ಲೂ ಧಾರಾಳವಾಗಿರುವ ಪಾಮಿಟಿಕ್‌ನಲ್ಲಿ 16. ಈ ಮೂರೂ ಎಲ್‌ಡಿಎಲ್ ಏರಿಸುತ್ತವೆ. 18 ಕಾರ್ಬನ್ನಿನ ಸ್ಟಿಯರಿಕ್ ಮಾತ್ರ ಹೆಚ್ಚು ಕಡಿಮೆ ತಟಸ್ಥ, ಏಕೆಂದರೆ ಅದರ ಒಂದು ಭಾಗವನ್ನು ಮೈ ಓಲಿಯಿಕ್ ಆಸಿಡ್ ಅನ್ನುವ ಸೊಟ್ಟ ಕಡ್ಡಿಯಾಗಿ ಬದಲಾಯಿಸಿಕೊಳ್ಳುತ್ತೆ. ಕೋಕೋ ಬೆಣ್ಣೆಯಲ್ಲಿ ಮೂರನೇ ಒಂದು ಪಾಲು ಸ್ಟಿಯರಿಕ್ಕೇ.

‘ತೆಂಗಿನೆಣ್ಣೆ ಎಂಸಿಟಿ (ಮಧ್ಯಮ ಉದ್ದದ ಕಡ್ಡಿಯ ಎಣ್ಣೆ), ಮೈಯಲ್ಲಿ ಕೊಬ್ಬಾಗಿ ಸೇರುವುದಿಲ್ಲ’ ಅನ್ನುವ ಮಾತು ಬಂದಿದ್ದು 8 ಮತ್ತು 10 ಕಾರ್ಬನ್ನಿನ ಎಣ್ಣೆಯ ಪ್ರಯೋಗಗಳಿಂದ. ಆಸ್ಪತ್ರೆಗಳಲ್ಲಿ ಬಳಸುವ ಎಂಸಿಟಿ ಎಣ್ಣೆ ಅದೇ. ತೆಂಗಿನೆಣ್ಣೆಯಲ್ಲಿ ಅವೆರಡೂ ಸೇರಿ ನೂರಕ್ಕೆ ಹದಿಮೂರು ಹದಿನಾಲ್ಕು ಭಾಗ ಇದ್ದರೆ ಹೆಚ್ಚು. ಅರ್ಧದಷ್ಟು ಇರುವುದು ಲಾರಿಕ್. ರಸಾಯನಶಾಸ್ತ್ರದ ಪುಸ್ತಕ ಲಾರಿಕ್ಕನ್ನೂ ‘ಮಧ್ಯಮ ಉದ್ದದ್ದು’ ಅನ್ನುತ್ತೆ. ಆದರೆ ಕರುಳು ಆ ಪುಸ್ತಕ ಓದಿಲ್ಲ. ಲಾರಿಕ್‌ನ ಹೆಚ್ಚಿನ ಪಾಲನ್ನು ಅದು ಉದ್ದನೆಯ ಕೊಬ್ಬಿನ ಹಾಗೇ ಕಟ್ಟಿ ಕಳಿಸುತ್ತೆ.

ಅರ್ಧ ಸತ್ಯ ಅಂದೆನಲ್ಲ, ಅದು ಎಚ್‌ಡಿಎಲ್ ವಿಷಯ. ಲಾರಿಕ್ ಆಸಿಡ್ ‘ಒಳ್ಳೆ ಕೊಲೆಸ್ಟ್ರಾಲ್’ ಅನ್ನೂ ಏರಿಸುತ್ತೆ, ಬೇರೆ ಸ್ಯಾಚುರೇಟೆಡ್‌ಗಳಿಗಿಂತ ಜಾಸ್ತಿಯೇ. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. ಸೂರ್ಯಕಾಂತಿ, ಆಲಿವ್ ತರಹದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ಲನ್ನು ಸರಾಸರಿ ಹತ್ತು ಅಂಕ, ಎಚ್‌ಡಿಎಲ್ಲನ್ನು ನಾಲ್ಕು ಅಂಕ ಏರಿಸಿತ್ತು. ‘ನೋಡಿ, ಒಳ್ಳೆಯದೂ ಏರಿತಲ್ಲ’ ಅಂತ ಕೇಳಬಹುದು. ಹದಿನೈದು ವರ್ಷದ ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಎಚ್‌ಡಿಎಲ್ ಏರಿಸಿದರೆ ಹೃದಯಾಘಾತ ಕಡಿಮೆಯಾಗುತ್ತೆ ಅನ್ನುವ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಟಾರ್ಸೆಟ್ರಪಿಬ್ ಅನ್ನುವ ಮಾತ್ರೆ ಎಚ್‌ಡಿಎಲ್ಲನ್ನು ಭರ್ಜರಿಯಾಗಿ ಏರಿಸಿತು. ಆದರೂ ಸಾವು ಹೆಚ್ಚಾದವು ಅಂತ 2006ರಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಎಲ್‌ಡಿಎಲ್ ಕಥೆ ಹಾಗಲ್ಲ. ಅದನ್ನು ಯಾವ ದಾರಿಯಲ್ಲಿ ಇಳಿಸಿದರೂ ಲಾಭ ಕಾಣುತ್ತೆ. ಅದಕ್ಕೇ ನಾನು ನಿಮ್ಮ ಯಜಮಾನರ 44ಕ್ಕಿಂತ 168ರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೇನೆ.

ಅತಿಯಾದ ಮಾತು ಇನ್ನೊಂದು ಕಡೆಯಿಂದಲೂ ಬರುತ್ತೆ. 2018ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿಯೊಬ್ಬರು ಜರ್ಮನಿಯಲ್ಲಿ ಭಾಷಣ ಮಾಡುತ್ತಾ ತೆಂಗಿನೆಣ್ಣೆಯನ್ನು ‘ಅಪ್ಪಟ ವಿಷ’ ಅಂದುಬಿಟ್ಟರು. ಭಾರತದ ತೋಟಗಾರಿಕೆ ಕಮಿಷನರು ಆ ಮಾತು ವಾಪಸ್ ತಗೊಳ್ಳಿ ಅಂತ ಪತ್ರ ಬರೆದರು. ವಿಷ ಅಂತೆ, ವಿಷ! ವಿಷವಾಗಿದ್ದರೆ ಕರಾವಳಿಯಲ್ಲಿ ಪತ್ರ ಬರೆಯಲಿಕ್ಕೆ ಯಾರೂ ಉಳಿಯುತ್ತಿರಲಿಲ್ಲ. ಕೊಚ್ಚಿಯಲ್ಲಿ 200 ಹೃದ್ರೋಗಿಗಳಲ್ಲಿ ಅರ್ಧ ಜನಕ್ಕೆ ತೆಂಗಿನೆಣ್ಣೆ, ಅರ್ಧ ಜನಕ್ಕೆ ಸೂರ್ಯಕಾಂತಿ ಎಣ್ಣೆ ಕೊಟ್ಟು ಎರಡು ವರ್ಷ ನೋಡಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಕಾಣಲಿಲ್ಲ. ತೆಂಗಿನೆಣ್ಣೆ ಪರ ಇರುವವರು ಇದನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಅವರು ಹೇಳದೆ ಬಿಡುವುದು ಒಂದೇ ಮಾತು: ಆ ರೋಗಿಗಳು ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿದ್ದರು. ಆ ಮಾತ್ರೆ ಎಲ್‌ಡಿಎಲ್ಲನ್ನು ಎಷ್ಟು ಜೋರಾಗಿ ಇಳಿಸುತ್ತೆ ಅಂದರೆ ಎಣ್ಣೆಯ ಸಣ್ಣ ವ್ಯತ್ಯಾಸ ಅದರ ಕೆಳಗೆ ಮುಚ್ಚಿಹೋಗಬಹುದು. ನಿಮ್ಮವರು ತಗೊಳ್ಳುವುದು ಬಿಪಿ ಮಾತ್ರೆ, ಸ್ಟ್ಯಾಟಿನ್ ಅಲ್ಲ.

ಮಾವನ ವಿಷಯ. 86 ವರ್ಷ ಬದುಕಿದ್ದು ಸಂತೋಷ. ಆದರೆ ಒಂದು ಸಲ ಅತ್ತೆಯನ್ನು ಮೆಲ್ಲಗೆ ಕೇಳಿ ನೋಡಿ, ಆಗ ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ ತರುತ್ತಿದ್ದರು ಅಂತ. ನಮ್ಮ ಅಜ್ಜಿ ಮನೆಯಲ್ಲಿ ಎಣ್ಣೆ ಒಗ್ಗರಣೆಗೆ, ತಲೆಗೆ, ದೀಪಕ್ಕೆ ಹಂಚಿಹೋಗುತ್ತಿತ್ತು. ಕರಿದದ್ದು ಅಂದರೆ ಹಬ್ಬ. ಈಗ ಬಂಗುಡೆಯೂ ಕರಿದದ್ದೇ ಬೇಕು, ಹಲಸಿನಕಾಯಿ ಹಪ್ಪಳವೂ ಬೇಕು. ಆ ಕಾಲದವರು ಗದ್ದೆಗೆ ಇಳಿಯುತ್ತಿದ್ದರು, ತೋಟಕ್ಕೆ ನೀರು ಕಟ್ಟುತ್ತಿದ್ದರು, ಪೇಟೆಗೆ ನಡೆದೇ ಹೋಗುತ್ತಿದ್ದರು. ಇನ್ನೂ ಒಂದು. 52ಕ್ಕೇ ಎದೆನೋವು ಬಂದು ಹೋದ ದೊಡ್ಡಪ್ಪನ ಉದಾಹರಣೆಯನ್ನು ಯಾರೂ ಎಣ್ಣೆಯ ಚರ್ಚೆಗೆ ತರುವುದಿಲ್ಲ.

ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರ ಕಥೆಯೂ ಇಂಥದ್ದೇ. ಅವರ ಆಹಾರದ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಂಗಿನಿಂದಲೇ ಬರುತ್ತಿತ್ತು, ಹೃದ್ರೋಗ ಅಷ್ಟೇನೂ ಇರಲಿಲ್ಲ ಅಂತ 1981ರಲ್ಲಿ ಪ್ರಕಟವಾಯಿತು. ನಿಜ. ಆದರೆ ತೆಂಗು ಕಡಿಮೆ ತಿನ್ನುವ ಪುಕಾಪುಕಾ ಅನ್ನುವ ಇನ್ನೊಂದು ದ್ವೀಪದವರಿಗಿಂತ ಅವರ ಕೊಲೆಸ್ಟ್ರಾಲ್ ಹೆಚ್ಚಿತ್ತು ಅಂತಲೂ ಅದೇ ವರದಿಯಲ್ಲಿದೆ. ಅವರು ತಿನ್ನುತ್ತಿದ್ದದ್ದು ನಾರು ಸಮೇತ ಇಡೀ ಕಾಯಿ ಮತ್ತು ಮೀನು. ಸಂಜೆ ನಾಲ್ಕಕ್ಕೆ ಚಹಾ, ಪಫ್ಸ್ ಇರಲಿಲ್ಲ.

ಪಫ್ಸ್ ಬಂತಲ್ಲ, ಬೇಕರಿ ಮುಗಿಸಿಬಿಡೋಣ. ಪದರ ಪದರವಾಗಿ ಬಿಡಿಸಿಕೊಳ್ಳುವ ಯಾವ ತಿಂಡಿಗೂ ಗಟ್ಟಿ ಕೊಬ್ಬು ಬೇಕೇ ಬೇಕು. ಹರಿಯುವ ಎಣ್ಣೆಯಲ್ಲಿ ಪದರ ನಿಲ್ಲುವುದಿಲ್ಲ. ಹಿಂದೆ ಆ ಕೆಲಸಕ್ಕೆ ವನಸ್ಪತಿ ಇತ್ತು, ನಾವು ಡಾಲ್ಡಾ ಅಂತಲೇ ಕರೆಯುತ್ತಿದ್ದೆವು. ಎಣ್ಣೆಯನ್ನು ಕಾರ್ಖಾನೆಯಲ್ಲಿ ಗಟ್ಟಿ ಮಾಡುವಾಗ ಅದರಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಸ್ಯಾಚುರೇಟೆಡ್‌ಗಿಂತ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುವಂಥದ್ದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ. 2 ಮೀರುವಂತಿಲ್ಲ. ತುಂಬ ಒಳ್ಳೆಯ ಕಾನೂನು. ಆದರೆ ಪಫ್ಸ್‌ಗೆ ಗಟ್ಟಿ ಕೊಬ್ಬು ಬೇಕಲ್ಲ, ಆ ಜಾಗಕ್ಕೆ ಹೆಚ್ಚಾಗಿ ಪಾಮ್ ಎಣ್ಣೆಯ ಗಟ್ಟಿ ಭಾಗ ಬಂದು ಕೂತಿತು. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿ, 100 ಗ್ರಾಂಗೆ ಸ್ಯಾಚುರೇಟೆಡ್ ಎಷ್ಟು ಅಂತ ಪಟ್ಟಿಯಲ್ಲೇ ಇರುತ್ತೆ. ಪೇಪರಿನಲ್ಲಿ ಸುತ್ತಿ ಕೊಡುವ ಪಫ್ಸ್‌ಗೆ ಆ ಪಟ್ಟಿ ಇಲ್ಲ. ಎಣ್ಣೆಯಲ್ಲಿ ನೆನೆದ ಪೇಪರೇ ಪಟ್ಟಿ. ನಾನು ಇದೊಂದನ್ನು ಮಾತ್ರ ಚೌಕಾಶಿ ಇಲ್ಲದೆ ಬಿಡಿ ಅನ್ನುತ್ತೇನೆ. ತೆಂಗಿನೆಣ್ಣೆಗಾದರೂ ರುಚಿ ಇದೆ, ನಮ್ಮದು ಅನ್ನುವ ನೆನಪಿದೆ. ಇದಕ್ಕೆ ಅದೂ ಇಲ್ಲ.

‘ಸ್ಯಾಚುರೇಟೆಡ್ ಕೊಬ್ಬಿಗೂ ಹೃದಯಕ್ಕೂ ಸಂಬಂಧವೇ ಇಲ್ಲ ಅಂತ ಈಗ ಸಾಬೀತಾಗಿದೆ’ ಅನ್ನುವ ವಿಡಿಯೋ ನಿಮಗೆ ಇನ್ನೂ ಬಂದಿಲ್ಲದಿದ್ದರೆ ನಾಳೆ ಬರುತ್ತೆ. 2010 ಮತ್ತು 2014ರಲ್ಲಿ ಬಂದ ಎರಡು ದೊಡ್ಡ ವಿಶ್ಲೇಷಣೆಗಳಲ್ಲಿ, ಹೆಚ್ಚು ತಿನ್ನುವವರಿಗೂ ಕಡಿಮೆ ತಿನ್ನುವವರಿಗೂ ಹೃದ್ರೋಗದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅದು ನಿಜವೇ. ಆದರೆ ಆ ಪ್ರಶ್ನೆಯಲ್ಲೇ ಒಂದು ತೂತಿದೆ. ಬೆಣ್ಣೆ ಬಿಟ್ಟವರು ಆ ಜಾಗಕ್ಕೆ ಏನು ತಿಂದರು? ಬ್ರೆಡ್ಡು, ಸಕ್ಕರೆ, ಮೈದಾ ತಿಂದಿದ್ದರೆ ಲಾಭ ಏನೂ ಸಿಗುವುದಿಲ್ಲ, ಎಲ್‌ಡಿಎಲ್ ಸ್ವಲ್ಪ ಇಳಿದರೂ ಟ್ರೈಗ್ಲಿಸರೈಡ್ ಏರುತ್ತೆ. ಆ ಜಾಗಕ್ಕೆ ಸೊಟ್ಟ ಕಡ್ಡಿಯ ಎಣ್ಣೆ, ಬೀಜ, ಮೀನು ಬಂದಿದ್ದರೆ ಲಾಭ ಕಾಣುತ್ತೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ, ಜನರನ್ನು ಎರಡು ಗುಂಪು ಮಾಡಿ ಕನಿಷ್ಠ ಎರಡು ವರ್ಷ ನಡೆಸಿದ ಪ್ರಯೋಗಗಳನ್ನು ಮಾತ್ರ ತಗೊಂಡಿತು. ಸ್ಯಾಚುರೇಟೆಡ್ ಕಡಿಮೆ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಒಟ್ಟಾರೆ ಸುಮಾರು ಶೇ. 17 ಕಡಿಮೆಯಾಗಿದ್ದವು. ಒಟ್ಟು ಸಾವಿನ ಸಂಖ್ಯೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಪವಾಡ ಅಲ್ಲ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ.

ಇದು ನಿಮ್ಮ ಮನೆಗೆ ಬಹಳ ಮುಖ್ಯ. ‘ಎಣ್ಣೆ ಬಿಟ್ಟೆವು’ ಅಂತ ಯಜಮಾನರು ಎರಡು ಸೌಟು ಅನ್ನ ಜಾಸ್ತಿ ಹಾಕಿಸಿಕೊಂಡರೆ, ಸಂಜೆ ಪಫ್ಸ್ ಬದಲು ರಸ್ಕ್ ನೆಂಚಿಕೊಂಡರೆ, ಈಗಾಗಲೇ 155 ಇರುವ ಟ್ರೈಗ್ಲಿಸರೈಡ್ ಇನ್ನೂ ಮೇಲೆ ಹೋಗುತ್ತೆ. ಎಣ್ಣೆ ಪೂರ್ತಿ ಬಿಟ್ಟು ಬೇಯಿಸಿದ್ದು ಮಾತ್ರ ತಿಂದು, ಹದಿನೈದು ದಿನದಲ್ಲಿ ಬೇಸತ್ತು ಎಲ್ಲವನ್ನೂ ಕೈಬಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಊರಿನ ಊಟವೇ ಬದಲಾಗಿದ್ದರ ಒಳ್ಳೆಯ ಉದಾಹರಣೆ ಫಿನ್‌ಲ್ಯಾಂಡಿನ ನಾರ್ತ್ ಕರೇಲಿಯಾ. ಕಾಡು, ಹಸು, ಬೆಣ್ಣೆಯ ನಾಡು. 1970ರ ಹೊತ್ತಿಗೆ ಅಲ್ಲಿನ ಗಂಡಸರು ಹೃದಯಾಘಾತದಿಂದ ಸಾಯುವುದರಲ್ಲಿ ಜಗತ್ತಿಗೇ ಮುಂದಿದ್ದರು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನುವ ಯುವ ವೈದ್ಯರು ಅಲ್ಲಿ ಕೆಲಸ ಶುರು ಮಾಡಿದರು. ಬೆಣ್ಣೆ ಬಿಡಿ ಅಂದರೆ ಹೈನುಗಾರರು ಸುಮ್ಮನಿರುತ್ತಾರಾ? ನಮ್ಮಲ್ಲಿ ತೆಂಗು ಬೆಳೆಗಾರರಿಗೆ ಹೇಳಿದ ಹಾಗೆ. ಪುಸ್ಕಾ ಹಳ್ಳಿ ಹೆಂಗಸರ ಸಂಘಗಳನ್ನು ಸೇರಿಸಿಕೊಂಡರು. ಊರಿನ ಅಡುಗೆಯನ್ನೇ ಕಡಿಮೆ ಬೆಣ್ಣೆ, ಹೆಚ್ಚು ತರಕಾರಿ ಹಾಕಿ ಮಾಡಿ ಬಡಿಸಿದರು. ರೈತರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವಾದರು, ಅಲ್ಲಿನ ಚಳಿಗೆ ಒಗ್ಗುವ ಎಣ್ಣೆಕಾಳು ಬಂತು. ನಲವತ್ತು ವರ್ಷದಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ. 80ಕ್ಕಿಂತ ಹೆಚ್ಚು ಇಳಿಯಿತು. ಬೀಡಿ ಸಿಗರೇಟು, ಉಪ್ಪು, ಬಿಪಿ ಎಲ್ಲವನ್ನೂ ಒಟ್ಟಿಗೆ ಹಿಡಿದಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ಬೆಣ್ಣೆಗೆ ಕೊಡಲಾಗದು. ಆದರೆ ಅವರು ಊರಿನ ಅಡುಗೆಯನ್ನು ಬಿಡಿಸಲಿಲ್ಲ, ಅದರ ಅಳತೆ ಬದಲಾಯಿಸಿದರು. ನಿಮಗೂ ನಾನು ಅದನ್ನೇ ಹೇಳುವುದು.

ಎಣ್ಣೆ ತಿಂಗಳಿಗೆ 4 ಲೀಟರಿನಿಂದ ಎರಡೂವರೆಗೆ ಬರಲಿ. ಅದರಲ್ಲಿ 1 ಲೀಟರ್ ತೆಂಗಿನೆಣ್ಣೆಯೇ ಇರಲಿ, ಒಗ್ಗರಣೆಗೆ, ಪಲ್ಯದ ಕೊನೆಗೆ, ಪರಿಮಳ ಬೇಕಾದ ಕಡೆ. ಉಳಿದ ಒಂದೂವರೆ ಲೀಟರಿಗೆ ಶೇಂಗಾ, ಎಳ್ಳು, ಸೂರ್ಯಕಾಂತಿ, ತೌಡಿನೆಣ್ಣೆ, ಯಾವುದಾದರೂ ಸರಿ, ತಿಂಗಳಿಗೊಮ್ಮೆ ಬದಲಾಯಿಸಿದರೂ ಸರಿ. ಸ್ಯಾಚುರೇಟೆಡ್ ಶೇಂಗಾದಲ್ಲಿ ನೂರಕ್ಕೆ ಹದಿನೆಂಟರ ಆಸುಪಾಸು, ತೌಡಿನೆಣ್ಣೆಯಲ್ಲಿ ಇಪ್ಪತ್ತು, ಎಳ್ಳೆಣ್ಣೆಯಲ್ಲಿ ಹದಿನಾಲ್ಕು ಹದಿನೈದು, ಸೂರ್ಯಕಾಂತಿಯಲ್ಲಿ ಹನ್ನೊಂದು. ಇವುಗಳ ನಡುವಿನ ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ. ದುಬಾರಿ ಆಲಿವ್ ಎಣ್ಣೆಯ ಅಗತ್ಯ ಇಲ್ಲ. ಒಂದು ಮಾತು ಮಾತ್ರ ತೆಂಗಿನೆಣ್ಣೆ ಪರವಾಗಿ ಹೇಳಲೇಬೇಕು: ಕಾಯಿಸಿದರೆ ಬೇಗ ಕೆಡುವುದಿಲ್ಲ, ನೇರ ಕಡ್ಡಿಯಲ್ಲಿ ಆಮ್ಲಜನಕ ಕಚ್ಚಿಕೊಳ್ಳಲು ಸಂದು ಇರುವುದಿಲ್ಲ. ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದು, ಸೋಸಿಟ್ಟು, ನಾಳೆ ಮತ್ತೆ ಅದರಲ್ಲೇ ಕರಿಯುವ ಅಭ್ಯಾಸ ಇದ್ದರೆ ಬಿಡಬೇಕು.

ಕಾಯಿ ದಿನಕ್ಕೆ ಅರ್ಧ. ಇದು ಕಷ್ಟ ಅಂತ ಗೊತ್ತು. ಆದರೆ ನಮ್ಮ ಅಡುಗೆಯಲ್ಲೇ ಕಾಯಿ ಬೇಡದ ಪದಾರ್ಥಗಳಿವೆಯಲ್ವಾ? ಬಂಗುಡೆ ಪುಳಿಮುಂಚಿಗೆ ಕಾಯಿ ಎಲ್ಲಿಂದ ಬಂತು? ಹುರುಳಿ ಸಾರು, ದಾಳಿ ತೋಯ್, ತೊವ್ವೆ, ಇವುಗಳಿಗೂ ಬೇಡ. ವಾರದಲ್ಲಿ ಮೂರು ದಿನ ಇಂಥದ್ದು ಮಾಡಿದರೆ ಉಳಿದ ದಿನ ಗಸಿ ಮಾಡುವಾಗ ಅಷ್ಟು ಕೈ ಬಿಗಿ ಹಿಡಿಯಬೇಕಾಗಿಲ್ಲ. ಕಾಯಿಹಾಲು ಹಿಂಡಿ ಮಾಡುವುದಕ್ಕಿಂತ ಕಾಯಿ ಅರೆದು ಹಾಕುವುದು ವಾಸಿ. ಹಿಂಡಿದಾಗ ಕೊಬ್ಬೆಲ್ಲ ಹಾಲಿಗೆ ಬಂದು ನಾರು ಹಿಂಡಿಯಲ್ಲೇ ಉಳಿಯುತ್ತೆ. ಬೂತಾಯಿ, ಬಂಗುಡೆ ವಾರಕ್ಕೆ ಎರಡು ಮೂರು ಸಲ ತಿನ್ನಿ, ಆದರೆ ಪದಾರ್ಥ ಮಾಡಿ, ಕರಿಯಬೇಡಿ. ಚಹಾದ ಜೊತೆ ಬೇಕರಿ ತಿಂಡಿ ಬದಲು ಒಂದು ಹಿಡಿ ನೆಲಗಡಲೆಯೋ ಬೇಯಿಸಿದ ಕಡಲೆಯೋ ಇರಲಿ. ಹುರುಳಿ, ಹೆಸರು, ಬೆಂಡೆ, ಓಟ್ಸ್ ಇವುಗಳ ಅಂಟು ನಾರು ಕೂಡ ಎಲ್‌ಡಿಎಲ್ಲನ್ನು ಸ್ವಲ್ಪ ಇಳಿಸುತ್ತೆ. ನೀಲಿ ಪ್ಯಾಕೆಟ್ ಹಾಲಿನಲ್ಲಿ ಕೊಬ್ಬು ಶೇ. 3 ಮಾತ್ರ, ಮೊಸರೂ ಅದರದ್ದೇ ಆಗಿದ್ದರೆ ಯೋಚನೆ ಬೇಡ.

ಮತ್ತೆ ಕೂಡಿಸಿದೆ. ತೆಂಗಿನೆಣ್ಣೆಯಿಂದ ಆರೂವರೆ, ಇನ್ನೊಂದು ಎಣ್ಣೆಯಿಂದ ಎರಡು, ಕಾಯಿಯಿಂದ ಹನ್ನೊಂದು, ತುಪ್ಪ ಹಾಲು ಸೇರಿ ಐದು. ಸುಮಾರು 25 ಗ್ರಾಂ. 22ರ ಮಿತಿಗಿಂತ ಸ್ವಲ್ಪ ಹೆಚ್ಚೇ, ಆದರೂ ನಿಮಗೂ ಅತ್ತೆಗೂ ಸದ್ಯಕ್ಕೆ ಇಷ್ಟು ಇಳಿದರೆ ಸಾಕು. ಯಜಮಾನರಿಗೆ ಇನ್ನೂ ಸ್ವಲ್ಪ ಇಳಿಸಬೇಕು. ಅವರ ತಟ್ಟೆಗೆ ಗಸಿಯ ಹೋಳು ಜಾಸ್ತಿ ಹಾಕಿ, ರಸ ಕಡಿಮೆ ಹಾಕಿ.

ಎಷ್ಟು ಇಳಿಯಬಹುದು? ಒಬ್ಬೊಬ್ಬರ ಮೈ ಒಂದೊಂದು ತರಹ. ನಿಮ್ಮಲ್ಲಿ ಬದಲಾವಣೆ ದೊಡ್ಡದು, 53ರಿಂದ 25ಕ್ಕೆ. ಎಲ್‌ಡಿಎಲ್ ಇಪ್ಪತ್ತು ಇಪ್ಪತ್ತೈದು ಅಂಕ ಇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಅಂದರೆ 168 ಇದ್ದದ್ದು 145ರ ಹತ್ತಿರ ಬರಬಹುದು. 100ಕ್ಕೆ ಬರುತ್ತೆ ಅಂತ ಕಾಯಬೇಡಿ. ಆಗ ಡಾಕ್ಟರು ಮಾತ್ರೆ ಬರೆದರೆ ‘ಇಷ್ಟೆಲ್ಲ ಮಾಡಿಯೂ ಸೋತೆವು’ ಅಂದುಕೊಳ್ಳಬೇಡಿ. ಊಟದಿಂದ ಆಗುವಷ್ಟು ಊಟ ಮಾಡಿದೆ, ಉಳಿದದ್ದು ಹುಟ್ಟಿನಿಂದ ಬಂದದ್ದು.

ಈ ಮಧ್ಯೆ ಒಂದು ಕೆಲಸ ಮಾಡಿ. ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತ ರಿಪೋರ್ಟಿನಲ್ಲಿ ನೋಡಿ, ಟಿಎಸ್‌ಎಚ್ ಅಂತ ಬರೆದಿರುತ್ತೆ. ಥೈರಾಯ್ಡ್ ಕಡಿಮೆ ಇದ್ದರೆ ಎಲ್‌ಡಿಎಲ್ ತಾನಾಗಿ ಏರುತ್ತೆ, ಪಾಪ ತೆಂಗಿನೆಣ್ಣೆಗೆ ಸುಮ್ನೆ ಬೈಗುಳ. ಯಜಮಾನರ ಅಪ್ಪ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ 55ರ ಒಳಗೆ, ಅಮ್ಮ, ಅಕ್ಕ ತಂಗಿಯರಲ್ಲಿ 65ರ ಒಳಗೆ ಹೃದಯಾಘಾತ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅವರು ಮೂರು ತಿಂಗಳು ಕಾಯದೆಯೂ ಇರಬಹುದು. ಬಿಪಿ ಮಾತ್ರೆ ನಿಲ್ಲಿಸಬೇಡಿ. ಬೀಡಿ ಸಿಗರೇಟಿನ ಬಗ್ಗೆ ನೀವು ಏನೂ ಬರೆದಿಲ್ಲ. ಅದಿದ್ದರೆ ಎಣ್ಣೆಗಿಂತ ಮೊದಲು ಅದು.

ಎರಡೂವರೆ ಲೀಟರನ್ನು ತಿಂಗಳ ಮೊದಲ ದಿನವೇ ಅಳೆದು ಬೇರೆ ಡಬ್ಬಿಗೆ ಹಾಕಿಡಿ, ಅತ್ತೆಯ ಕೈಯಲ್ಲೇ ಹಾಕಿಸಿ. ಮುಂದಿನ ರಕ್ತ ಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ, ಈ ಸಲದ ಹಾಗೇ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ರಿಪೋರ್ಟ್ ಬಂದ ಮೇಲೆ ಅಂಕಿ ಬರೆದು ಕಳಿಸಿ, ಡಬ್ಬಿಯಲ್ಲಿ ಎಷ್ಟು ಉಳಿದಿತ್ತು ಅನ್ನೋದನ್ನೂ ಬರೆಯಿರಿ.